ಮರುಳಸಿದ್ದಮ್ಮನವರಿಗೆ ಇಂಟರ್‌ನೆಟ್ ಫೋನು ಮಂಜೂರಾದದ್ದು

ನಮ್ಮ ಮಂಡಳಿಯ ದುಡ್ಡಿನಲ್ಲಿ ಒಂದು ಸೂಜಿ ಕೊಳ್ಳಬೇಕಾದರೂ ಮೂರು ಕೊಟೇಷನ್ ಬೇಕು. ಇದು ನಿಯಮ. ಆ ಮೂರನ್ನೂ ಸೂಜಿ ಮಾರುವವನೇ ಬರೆದುಕೊಂಡು ಬರಬೇಕು. ಇದು ಪದ್ಧತಿ. ನಿಯಮ ಮತ್ತು ಪದ್ಧತಿ ಒಂದೇ ಮನೆಯಲ್ಲಿ ಇಷ್ಟು ಹೊಂದಿಕೊಂಡು ಸಂಸಾರ ಮಾಡುವುದನ್ನು ನಾನು ಹೊಸಪೇಟೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ಮಂಡಳಿ ಎಂದರೆ ಗಣಿನಾಡು ಕಿರು ಉದ್ದಿಮೆಗಳ ಸಹಾಯ ಮಂಡಳಿ. ನಾನು ಅದರ ಕಾರ್ಯದರ್ಶಿ. ಅದಕ್ಕೂ ಮುಂಚೆ ಹೆಸರು ಹೇಳುವುದು ಶಿಷ್ಟಾಚಾರವಲ್ಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದು, ನಿವೃತ್ತನಾಗಿ, ಸುಮ್ಮನೆ ಕೂತರೆ ಮನೆಯಲ್ಲಿ ಬೆಲೆ ಇರುವುದಿಲ್ಲವೆಂದು ಇಲ್ಲಿ ಸೇರಿದವನು. ದಿನಾ ಬೆಳಿಗ್ಗೆ ಟಿ.ಬಿ. ಡ್ಯಾಂ ಬಸ್ಸಿನಲ್ಲಿ ಬಿಳಿ ಅಂಗಿ ತೊಟ್ಟು ಬರುತ್ತಿದ್ದೆ, ಸಂಜೆ ಕೆಂಪು ಅಂಗಿ ತೊಟ್ಟು ಹೋಗುತ್ತಿದ್ದೆ. ಅಂಗಿ ಒಂದೇ. ಸಂಡೂರಿನಿಂದ ಬರುವ ಅದಿರಿನ ಲಾರಿಗಳು ನಮ್ಮ ಕಚೇರಿಯ ಮುಂದೆಯೇ ಹಾದು ಹೋಗುತ್ತಿದ್ದವು.

ಮಂಡಳಿಗೆ ದುಡ್ಡು ಬರುತ್ತಿದ್ದುದು ಧೂಳು ಪರಿಹಾರ ನಿಧಿಯಿಂದ. ಲಾರಿಗಳ ಧೂಳು ಕುಡಿದು ಬದುಕುವ ಜನರಿಗೆ ಏನಾದರೂ ಮಾಡಬೇಕೆಂದು ಗಣಿ ಮಾಲೀಕರು ಸೇರಿ ಕೊಟ್ಟದ್ದು. ಮೊದಲು ಆ ಹಣದಲ್ಲಿ ರಸ್ತೆಗೆ ನೀರು ಹೊಡೆಸೋಣ ಎಂದು ಯಾರೋ ಅಂದರು. ವಿಷಯವನ್ನು ಕೂಲಂಕಷವಾಗಿ ಚರ್ಚಿಸಲಾಯಿತು. ನೀರು ಹೊಡೆದರೆ ರಸ್ತೆ ಕೆಸರಾಗುತ್ತದೆ, ಕೆಸರಾದರೆ ಲಾರಿ ಜಾರುತ್ತದೆ, ಲಾರಿ ಜಾರಿದರೆ ಅದಿರು ನಿಲ್ಲುತ್ತದೆ, ಅದಿರು ನಿಂತರೆ ಧೂಳು ನಿಲ್ಲುತ್ತದೆ, ಧೂಳು ನಿಂತರೆ ಧೂಳು ಪರಿಹಾರ ನಿಧಿ ನಿಲ್ಲುತ್ತದೆ. ಆದ್ದರಿಂದ ಧೂಳನ್ನು ಅದರ ಪಾಡಿಗೆ ಬಿಟ್ಟು ಸಣ್ಣ ಉದ್ದಿಮೆಗಳಿಗೆ ಇಂಟರ್‌ನೆಟ್ ಫೋನು ಕೊಡಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೊದಲ ಫಲಾನುಭವಿಯಾಗಿ ಆಯ್ಕೆಯಾದವರು ಮರುಳಸಿದ್ದಮ್ಮ.

ಈ ಮರುಳಸಿದ್ದಮ್ಮ ಹಂಪಿಯ ಬಾಳೆತೋಟಗಳ ಅಂಚಿನಲ್ಲಿ, ಮಂಡಳಿಯೇ ಕಟ್ಟಿಸಿಕೊಟ್ಟ ಒಂದು ತಗಡಿನ ಶೆಡ್ಡಿನಲ್ಲಿ ಬಾಳೆನಾರಿನ ಚೀಲ ಹೆಣೆಸುತ್ತಿದ್ದರು. ಗೊನೆ ಕಡಿದ ಮೇಲೆ ಯಾರಿಗೂ ಬೇಡವಾಗಿ ಕೊಳೆಯುವ ಬಾಳೆ ದಿಂಡನ್ನು ಸೀಳಿ, ನಾರು ತೆಗೆದು, ಬಣ್ಣ ಕಟ್ಟಿ, ಹೆಗಲಿಗೆ ಹಾಕುವ ಚೀಲ ಮಾಡುವುದು. ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲೇ ಕೆಲಸ ಮಾಡಿ ಒಲೆ ಹಚ್ಚುತ್ತಿದ್ದರು. ಹಂಪಿಗೆ ಚಳಿಗಾಲದಲ್ಲಿ ಬಂದು ಗೆಸ್ಟ್ ಹೌಸಿನಲ್ಲಿ ಉಳಿಯುತ್ತಿದ್ದ ಉರ್ಸುಲಾ ಎಂಬ ಜರ್ಮನಿಯ ಹೆಂಗಸು ಈ ಚೀಲಗಳನ್ನು ನೋಡಿ, ಮೆಚ್ಚಿ, ತನ್ನ ಊರಿನ ಅಂಗಡಿಯಲ್ಲಿ ಮಾರಲು ಶುರುಮಾಡಿದ್ದಳು. ಮರುಳಸಿದ್ದಮ್ಮ ಅವಳನ್ನು ಉರ್ಸುಲಮ್ಮ ಎಂದೇ ಕರೆಯುತ್ತಿದ್ದರು. ಇಬ್ಬರ ನಡುವೆ ಅರ್ಧ ಕನ್ನಡ, ಕಾಲು ಇಂಗ್ಲಿಷು, ಉಳಿದದ್ದು ನಗು. ಅಷ್ಟರಲ್ಲಿ ವ್ಯಾಪಾರ ಚೊಕ್ಕವಾಗಿ ನಡೆಯುತ್ತಿತ್ತು.

ತೊಂದರೆ ಏನೆಂದರೆ ಫೋನಿನದು. ಬಣ್ಣ ಯಾವುದು, ಹಿಡಿ ಎಷ್ಟುದ್ದ ಎಂದು ಕೇಳಿ ಮುಗಿಸುವುದರೊಳಗೆ ಬಿಲ್ಲು ಚೀಲದ ಬೆಲೆಯನ್ನು ದಾಟಿರುತ್ತಿತ್ತು. ಉರ್ಸುಲಮ್ಮ ಹೇಳಿ ಕಳಿಸಿದ್ದಳು: ಇಂಟರ್‌ನೆಟ್ ಫೋನು ಹಾಕಿಸಿಕೊ, ಆಗ ಮನಸಾರೆ ಮಾತಾಡಬಹುದು. ಕ್ರಿಸ್‌ಮಸ್ಸಿಗೆ ಇಡೀ ವರ್ಷಕ್ಕಾಗುವಷ್ಟು ದೊಡ್ಡ ಆರ್ಡರು ಕೊಡುತ್ತೇನೆ, ಆದರೆ ನಿನ್ನ ಹತ್ತಿರ ಮಾತಾಡಿ ಪ್ರತಿಯೊಂದನ್ನೂ ಗೊತ್ತುಮಾಡಿಕೊಳ್ಳದೆ ಕೊಡುವುದಿಲ್ಲ. ಹೋದ ಸಲ ಕಾಗದದಲ್ಲಿ ಬರೆದು ಹಸಿರು ಕೇಳಿದ್ದಕ್ಕೆ ನೀನು ನೀಲಿ ಕಳಿಸಿದ್ದೆ.

ಮರುಳಸಿದ್ದಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮನೋಹರನ ಬಳಿಗೆ ಹೋದರು. ಅವನು ಓದಿದವನು, ಚುರುಕಿನವನು, ತನ್ನ ಮಗಳ ಹೆಸರಿನಲ್ಲಿ ಸ್ಫೂರ್ತಿ ನೆಟ್ ವಾಯ್ಸ್ ಎಂಬ ಇಂಟರ್‌ನೆಟ್ ಫೋನ್ ಸೇವೆ ನಡೆಸುತ್ತಿದ್ದ. ಅಂಗಡಿಯಲ್ಲೇ ಕೂರಿಸಿ ಜರ್ಮನಿಗೆ ಫೋನು ಹಚ್ಚಿಕೊಟ್ಟ. ಉರ್ಸುಲಮ್ಮನ ಧ್ವನಿ ಪಕ್ಕದ ಓಣಿಯಿಂದ ಬಂದಷ್ಟು ಸ್ಪಷ್ಟವಾಗಿ ಬಂತು. ಮರುಳಸಿದ್ದಮ್ಮನಿಗೆ ಖುಷಿಯಲ್ಲಿ ಏನು ಮಾತಾಡಬೇಕೆಂದೇ ತೋಚದೆ, "ಊಟ ಆತೇನವಾ?" ಎಂದರಂತೆ. ಆ ಕಡೆಯಿಂದ "ಆತು, ಆತು" ಎಂದು ಉತ್ತರ ಬಂತಂತೆ.

"ತಮ್ಮಾ, ಇದ ಫೋನು ನನ್ನ ಶೆಡ್ಡಿಗೆ ಹಾಕು. ರೊಕ್ಕ ಮಂಡಳ್ಯಾರು ಕೊಡ್ತಾರ" ಎಂದರು ಮರುಳಸಿದ್ದಮ್ಮ.

"ಹಾಕೂಣ್ರಿ ಅಕ್ಕಾರ. ಮೂರು ಕೊಟೇಷನ್ ನಾನ ತರ್ತೀನಿ, ನೀವು ಏನೂ ಚಿಂತಿ ಮಾಡಬ್ಯಾಡ್ರಿ" ಎಂದ ಮನೋಹರ.

ಇಲ್ಲಿಯವರೆಗೆ ಎಲ್ಲವೂ ಕ್ರಮಬದ್ಧವಾಗಿಯೇ ನಡೆದಿದೆ ಎಂಬುದನ್ನು ಓದುಗರು ಗಮನಿಸಬೇಕು. ಮನೋಹರ ತನ್ನ ಅಂಗಡಿಯದೊಂದು ಕೊಟೇಷನ್ ಬರೆದ. ತುಂಗಾ ಟೆಲಿ ಲಿಂಕ್ಸ್ ಎಂಬ ಇಲ್ಲದ ಅಂಗಡಿಯ ಹೆಸರಿನಲ್ಲಿ ಸ್ವಲ್ಪ ಹೆಚ್ಚಿನ ದರದ ಎರಡನೆಯದನ್ನು ಬರೆದ. ಮೂರನೆಯದಕ್ಕೆ ಕಿಷ್ಕಿಂಧಾ ಗ್ಲೋಬಲ್ ಎಂದು ಹೆಸರಿಟ್ಟು, ಕಣ್ಣು ಕುಕ್ಕುವಂಥ ದರ ಹಾಕಿ, ಅಷ್ಟು ದರಕ್ಕೆ ಏನಾದರೂ ಕಾರಣ ಇರಬೇಕಲ್ಲ ಎಂದು ಭೂಮಂಡಲದ ಎಲ್ಲ ದೇಶಗಳಿಗೂ, ಸಮುದ್ರದಲ್ಲಿರುವ ಹಡಗುಗಳಿಗೂ ಮಾತಾಡಬಹುದು ಎಂದು ಸೇರಿಸಿದ. ಮೂರಕ್ಕೂ ಒಂದೇ ಪ್ರೆಸ್ಸಿನಲ್ಲಿ ಲೆಟರ್‌ಹೆಡ್ ಹಾಕಿಸಿದ. ಕಿಷ್ಕಿಂಧಾದ ಲೆಟರ್‌ಹೆಡ್ಡಿಗೆ ಪ್ರೆಸ್ಸಿನವರು ತಮ್ಮ ಹತ್ತಿರ ಉಳಿದಿದ್ದ ಬಂಗಾರದ ಬಣ್ಣದ ಶಾಯಿ ಬಳಸಿದರು. ವಿಳಾಸ ಬೇಕಲ್ಲ, ಅದಕ್ಕೆ ಕಂಪ್ಲಿಯಲ್ಲಿದ್ದ ತನ್ನ ಸೋದರತ್ತೆ ಹುಲುಗಮ್ಮನ ಎಮ್ಮೆ ಕೊಟ್ಟಿಗೆಯ ವಿಳಾಸ ಕೊಟ್ಟ.

ಆಯ್ಕೆ ಸಭೆ ಅಧ್ಯಕ್ಷರಾದ ದೊಡ್ಡಬಸಪ್ಪನವರ ನೇತೃತ್ವದಲ್ಲಿ ನಡೆಯಿತು. ದೊಡ್ಡಬಸಪ್ಪನವರು ಹುಟ್ಟಾ ಅಕ್ಕಿ ಗಿರಣಿ ಮಾಲೀಕರು. ಈಗ ಗಿರಣಿಯ ಅಂಗಳದಲ್ಲಿ ಭತ್ತದ ಬದಲು ಲಾರಿಗಳು ನಿಂತಿದ್ದವು. ಗಿರಣಿಯೊಳಗೆ ಟೈರುಗಳಿದ್ದವು. ಅವರ ಮನೆಗೂ ಅಕ್ಕಿ ಅಂಗಡಿಯಿಂದ ಬರುತ್ತಿತ್ತು. ಅವರು ಮೂರೂ ಕೊಟೇಷನ್ನುಗಳನ್ನು ಮುಂದಿಟ್ಟುಕೊಂಡು, ಬಂಗಾರದ ಬಣ್ಣದ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಸೆಕ್ರೆಟ್ರಿಯವರ, ಈ ಸ್ಫೂರ್ತಿಯವರು ಯಾಕ ಇಷ್ಟು ಕಡಿಮಿ ಹಾಕ್ಯಾರ?"

"ಕಡಿಮೆ ದರದವರಿಗೆ ಕೊಡುವುದು ವಾಡಿಕೆ ಸಾರ್" ಎಂದೆ.

"ವಾಡಿಕಿ ಅದಿರು ಬರೋಕಿಂತ ಮುಂಚಿಂದು. ಈಗ ನೋಡ್ರಿ, ಅದಿರಿನಾಗ ರೇಟ್ ಕಡಿಮಿ ಅಂದ್ರ ಏನರ್ಥ? ಗ್ರೇಡ್ ಕಡಿಮಿ ಅಂತ. ಮಣ್ಣು ಭಾಳ ಐತಿ ಅಂತ. ಫೋನಿಗೂ ಹಂಗ. ನಾಳಿ ಊರಾಗ ಮಂದಿ ಏನಂತಾರ, ದೊಡ್ಡಬಸಪ್ಪ ಮಣ್ಣಿನ ಫೋನ್ ಕೊಡ್ಸ್ಯಾನ ಅಂತಾರ."

ಸದಸ್ಯರೆಲ್ಲರ ಮನೆ ಮುಂದೆಯೂ ಲಾರಿ ಇದ್ದುದರಿಂದ ವಾದ ಕೂಡಲೇ ಮನದಟ್ಟಾಯಿತು. ಆ ವರ್ಷಗಳಲ್ಲಿ ನಮ್ಮ ಊರಿನಲ್ಲಿ ಅಗ್ಗದ ವಸ್ತು ಕೊಂಡವರನ್ನು ಬಂಧುಗಳು ಕನಿಕರದಿಂದ ನೋಡುತ್ತಿದ್ದರು. ಚಪ್ಪಾಳೆಯ ನಡುವೆ ಕಿಷ್ಕಿಂಧಾ ಗ್ಲೋಬಲ್ ಆಯ್ಕೆಯಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮನೋಹರನನ್ನೂ ಮರುಳಸಿದ್ದಮ್ಮನನ್ನೂ ಒಳಗೆ ಕರೆದು ಸಿಹಿ ಸುದ್ದಿ ತಿಳಿಸಲಾಯಿತು.

ಮನೋಹರನ ಮುಖ ಕಪ್ಪಿಟ್ಟಿತು. "ಸಾವ್ಕಾರ್ರ, ಆ ಕಂಪನಿ ಇಲ್ರಿ" ಎಂದ.

"ಇಲ್ಲಂದ್ರ? ಬಾಗ್ಲಾ ಹಾಕ್ಯಾರೇನು?"

"ಹುಟ್ಟೇ ಇಲ್ರಿ. ಅದನ್ನ ನಾನ ಬರದೀನಿ. ಸುಮ್ನ ಮೂರು ಆಗ್ಲಿ ಅಂತ."

ಅವನು ಹೇಳಿದ್ದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಅಲ್ಲಿ ಕೂತಿದ್ದವರೆಲ್ಲ ಒಂದಲ್ಲ ಒಂದು ಸಲ ಮೂರು ಕೊಟೇಷನ್ ಬರೆದವರೇ. ಆದರೆ ಪದ್ಧತಿಯನ್ನು ಪಾಲಿಸಬೇಕು, ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಹೆತ್ತವರನ್ನು ಹೆಸರು ಹಿಡಿದು ಕೂಗಿದಂತಾಗುತ್ತದೆ.

"ಹೊಟ್ಟಿಕಿಚ್ಚು ಬ್ಯಾಡಪ ಮನೋಹರ" ಎಂದರು ದೊಡ್ಡಬಸಪ್ಪನವರು, ನೊಂದ ಧ್ವನಿಯಲ್ಲಿ. "ದೊಡ್ಡ ಕಂಪನಿ ಬಂದ್ರ ಸಣ್ಣೋರಿಗೆ ಸಂಕಟ ಆಗ್ತತಿ, ಖರೇ. ಹಂಗಂತ ಇಲ್ಲ ಅನ್ನಬಾರ್ದು. ಸಹಿ ಐತಿ, ಸೀಲ್ ಐತಿ, ಬಂಗಾರದ ಅಕ್ಷರ ಐತಿ. ಇಲ್ದಿದ್ದು ಎಲ್ಲಿಂದ ಬಂತು?"

ಮರುಳಸಿದ್ದಮ್ಮ ನಡುವೆ ಬಾಯಿ ಹಾಕಿದರು. "ಸಾವ್ಕಾರ್ರ, ನನಗ ದೊಡ್ಡದು ಬ್ಯಾಡ್ರಿ. ಆಕಿ ಮಾತು ನನಗ ಕೇಳ್ಬೇಕು, ನನ್ನ ಮಾತು ಆಕಿಗೆ ಕೇಳ್ಬೇಕು. ಅಷ್ಟ ಸಾಕು."

"ತಾಯಿ, ಸಮುದ್ರದಾಗಿನ ಹಡಗಿಗೂ ಮಾತಾಡೂ ಫೋನ್ ಕೊಡ್ತೀವಿ ಅಂದ್ರ ಜರ್ಮನಿ ಅಷ್ಟ ಸಾಕಂತೀಯಲ್ಲ" ಎಂದು ದೊಡ್ಡಬಸಪ್ಪನವರು ಪ್ರೀತಿಯಿಂದ ಗದರಿದರು. ಪ್ರತಿಸ್ಪರ್ಧಿಯ ಅಸ್ತಿತ್ವವನ್ನು ಅಲ್ಲಗಳೆದ ಕಾರಣಕ್ಕೆ ಸ್ಫೂರ್ತಿ ನೆಟ್ ವಾಯ್ಸ್ ಸಂಸ್ಥೆಯನ್ನು ಕಪ್ಪುಪಟ್ಟಿಗೆ ಸೇರಿಸಿ, ಮಂಡಳಿಯ ಶೆಡ್ಡುಗಳಲ್ಲಿರುವ ಯಾವ ಫಲಾನುಭವಿಯೂ ಅದರ ಫೋನಿನಲ್ಲಿ ಮಾತಾಡತಕ್ಕದ್ದಲ್ಲ, ಮಾತಾಡಿದರೆ ಶೆಡ್ಡು ಹಿಂದಕ್ಕೆ ಪಡೆಯತಕ್ಕದ್ದು ಎಂದು ಠರಾವು ಬರೆದುಕೊಂಡೆ. ನನ್ನ ಅಕ್ಷರ ದುಂಡಗೆ ಬಂದಿದೆ ಎಂದು ಒಬ್ಬ ಸದಸ್ಯರು ಹೊಗಳಿದರು.

ಆದರೂ ಆರೋಪ ಬಂದ ಮೇಲೆ ಪರಿಶೀಲಿಸುವುದು ನಮ್ಮ ಧರ್ಮ. ಅಧ್ಯಕ್ಷರ ಹೊಸ ಗಾಡಿಯಲ್ಲಿ ಕಂಪ್ಲಿಗೆ ಹೋದೆವು. ವಿಳಾಸ ಕರಾರುವಾಕ್ಕಾಗಿತ್ತು. ಕೊಟ್ಟಿಗೆಯಲ್ಲಿ ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ಹುಲುಗಮ್ಮ ಸೆಗಣಿ ಬಳಿಯುತ್ತಿದ್ದವರು ಕೈ ತೊಳೆದುಕೊಂಡು ಬಂದರು.

"ಬರ್ರಿ, ಕುಂದ್ರಿ. ಯಾರು ಬೇಕಾಗಿತ್ರಿ?"

"ಕಿಷ್ಕಿಂಧಾ ಗ್ಲೋಬಲ್ ಇದೇ ಏನ್ರಿ?"

"ಅದೇನೋ ನಂಗ ತಿಳೀವಲ್ದು. ಇಲ್ಲಿ ಎಮ್ಮಿ ಬಿಟ್ರ ಏನೂ ಇಲ್ಲರೀಯಪ್ಪ. ಮಜ್ಜಿಗಿ ಕೊಡ್ಲಾ?"

ಮಜ್ಜಿಗೆ ಕೊಟ್ಟರು, ಜೊತೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮಿರ್ಚಿ ಬಿಸಿಯಾಗಿತ್ತು. ದೊಡ್ಡಬಸಪ್ಪನವರು ಎರಡನೇ ಲೋಟ ಮಜ್ಜಿಗೆ ಕುಡಿದು, ಎಷ್ಟೋ ಕಂಪನಿಗಳ ಕಚೇರಿಗೆ ಹೋಗಿದ್ದೇನೆ, ಇಷ್ಟು ಮರ್ಯಾದೆ ಎಲ್ಲೂ ಸಿಕ್ಕಿಲ್ಲ ಎಂದರು. ನಾನು ಪರಿಶೀಲನಾ ವರದಿ ಬರೆದೆ. ಸದರಿ ಸಂಸ್ಥೆಯ ಆವರಣವು ವಿಶಾಲವಾಗಿದ್ದು ಧೂಳಿನಿಂದ ಮುಕ್ತವಾಗಿದೆ. ಸಿಬ್ಬಂದಿ ಶಾಂತ ಸ್ವಭಾವದವರು, ನಾವು ಇರುವಷ್ಟು ಹೊತ್ತೂ ಯಾರೂ ಸ್ಥಳ ಬಿಟ್ಟು ಕದಲಲಿಲ್ಲ. ಸಂಸ್ಥೆಯವರು ತಮ್ಮ ಸೇವೆಯ ಬಗ್ಗೆ ಉತ್ಪ್ರೇಕ್ಷೆಯ ಮಾತು ಒಂದನ್ನೂ ಆಡಲಿಲ್ಲ. ಈ ಕೊನೆಯ ವಾಕ್ಯ ಅಕ್ಷರಶಃ ನಿಜ.

ಇಲ್ಲದ ಕಂಪನಿಗೆ ಹಣ ಕೊಡುವುದು ಹೇಗೆ ಎಂಬ ಸಣ್ಣದೊಂದು ತೊಡಕು ಉಳಿದಿತ್ತು. ಕಾರ್ಯ ಕೆಡಬಾರದೆಂದು ದೊಡ್ಡಬಸಪ್ಪನವರ ಅಳಿಯಂದಿರು ಆ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗಲು ಒಪ್ಪಿಕೊಂಡರು. ಅವರಿಗೆ ಬೇರೆ ಕೆಲಸಗಳ ಒತ್ತಡ ಇತ್ತು, ಆದರೂ ಒಪ್ಪಿಕೊಂಡರು. ಹಣ ಪಡೆಯುವ ಮಟ್ಟಿಗೆ ಕಂಪನಿ ಅಸ್ತಿತ್ವಕ್ಕೆ ಬಂತು. ಉಳಿದ ವಿಷಯಗಳಿಗೆ ಮೊದಲಿನಂತೆಯೇ ಇತ್ತು.

ಶೆಡ್ಡಿನಲ್ಲಿ ಫೋನಿನ ಉದ್ಘಾಟನೆ ವಿಜೃಂಭಣೆಯಿಂದ ನೆರವೇರಿತು. ಕೆಂಪು ಬಣ್ಣದ ಚಂದದ ಫೋನು. ಅದರಿಂದ ಹೊರಟ ವೈರು ಮೇಜಿನ ಕೆಳಗೆ ಹೋಗಿ, ಅಲ್ಲಿ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು, ಯಾವುದಕ್ಕೂ ಸೇರದೆ ಮುಗಿಯುತ್ತಿತ್ತು. ಅಧ್ಯಕ್ಷರು ಫೋನು ಕಿವಿಗಿಟ್ಟುಕೊಂಡು, "ಹಲೋ, ಹ್ಞಾಂ, ಹ್ಞಾಂ, ಭಾಳ ಕ್ಲಿಯರ್ ಐತಿ" ಎಂದರು. ಫೋಟೋ ತೆಗೆಯಲಾಯಿತು. ಅದರ ನಂಬರನ್ನು ಮಂಡಳಿಯ ಕಾಗದದಲ್ಲೇ ಜರ್ಮನಿಗೆ ಬರೆದು ತಿಳಿಸಲಾಯಿತು. ನಂಬರನ್ನು ಅಳಿಯಂದಿರೇ ಆರಿಸಿದ್ದರು. ಅದು ಅವರ ಲಾರಿಯ ನಂಬರು, ಅದೃಷ್ಟದ್ದೆಂದು.

ಸೋಮವಾರ ಬಂತು, ಉರ್ಸುಲಮ್ಮ ಫೋನು ಮಾಡಬೇಕಾದ ದಿನ. ಮರುಳಸಿದ್ದಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಬಣ್ಣ ಬಣ್ಣದ ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಫೋನಿನ ಮುಂದೆ ಕೂತರು. ಬೆಳಕು ಹೋಗುವವರೆಗೂ ಕೂತಿದ್ದರು. ಮರುದಿನ ನಮ್ಮ ಕಚೇರಿಗೆ ಬಂದರು.

"ಸೆಕ್ರೆಟ್ರಿ ಸಾಹೇಬ್ರ, ಫೋನ್ ಸತ್ತೈತ್ರಿ. ಮಾತು ಹೋಗ್ಲಿ, ಗುಂಯ್ ಅನ್ನೋ ಸಪ್ಪಳನೂ ಇಲ್ಲ. ಆಕಿ ಅಲ್ಲಿಂದ ಮಾಡಿ ಮಾಡಿ ಬ್ಯಾಸತ್ತಿರ್ತಾಳ."

ನಾನು ಒಪ್ಪಂದದ ಪ್ರತಿ ತೆಗೆದು ಓದಿ ಹೇಳಿದೆ. ಸೇವೆಯ ಬಗ್ಗೆ ದೂರುಗಳಿದ್ದಲ್ಲಿ ಸದರಿ ದೂರವಾಣಿಯ ಮೂಲಕವೇ ಸಲ್ಲಿಸತಕ್ಕದ್ದು. ಖುದ್ದಾಗಿ ಅಥವಾ ಬರಹದಲ್ಲಿ ಬಂದ ದೂರುಗಳನ್ನು ಪರಿಗಣಿಸಲಾಗುವುದಿಲ್ಲ.

"ಸತ್ತ ಫೋನಿನಾಗ ಸತ್ತೈತಿ ಅಂತ ಹೆಂಗ್ರಿ ಹೇಳೂದು?"

"ನಿಯಮದಲ್ಲಿ ಹೇಳಿ ಅಂತ ಇದೆಯಮ್ಮ. ಕೇಳಿಸಬೇಕು ಅಂತ ಇಲ್ಲ" ಎಂದೆ. ಹೇಳಿದ ಮೇಲೆ ನನಗೂ ಒಂಥರಾ ಆಯಿತು. ಬೇಜಾರು ಬರೆಯಲು ನಮ್ಮ ನಡಾವಳಿಯಲ್ಲಿ ಜಾಗ ಇಲ್ಲ, ಹಾಗಾಗಿ ಬರೆಯಲಿಲ್ಲ.

ಮರುಳಸಿದ್ದಮ್ಮ ಕಾನೂನಿಗೆ ತಲೆಬಾಗುವ ಹೆಂಗಸು. ಶೆಡ್ಡಿಗೆ ಹೋಗಿ ಫೋನು ಎತ್ತಿ ದೂರು ಹೇಳಿದರು. ಮರುದಿನವೂ ಹೇಳಿದರು. ಮೊದಮೊದಲು ಮೆಲ್ಲಗೆ, ನಾಚಿಕೊಂಡು. ಆಮೇಲೆ ದನಿ ಏರಿತು. "ಹಲೋ, ಕಿಷ್ಕಿಂಧಾದವರಾ? ನಾನು ಮರುಳಸಿದ್ದಮ್ಮ. ಉರ್ಸುಲಮ್ಮ ದಾರಿ ನೋಡಾಕತ್ಯಾಳ. ನನ್ನ ನಂಬಿ ಇಷ್ಟು ಮಂದಿ ಹೆಣ್ಮಕ್ಕಳು ನಾರು ಸೀಳಿ ಕುಂತಾರ. ನಿಮಗ ಮಕ್ಕಳು ಮರಿ ಅದಾವೋ ಇಲ್ಲೋ? ನಿಮ್ಮ ಮನಿ ಹಾಳಾಗ!" ಎಂದು ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಒದರಿ ಫೋನು ಇಡುತ್ತಿದ್ದರು. ಇಟ್ಟ ಮೇಲೆ ಒಂದು ಲೋಟ ನೀರು ಕುಡಿಯುತ್ತಿದ್ದರು.

ಇದನ್ನು ದಿನಾ ನೋಡುತ್ತಿದ್ದ ಪಕ್ಕದ ತೋಟದ ಜಂಬಮ್ಮ ಒಂದು ದಿನ ಕೇಳಿದಳು. "ಯಕ್ಕಾ, ನಾನೂ ಒಂದೀಟು ಹೇಳ್ಲಾ? ನಮ್ಮ ಬಾಳಿ ಎಲಿ ಮ್ಯಾಲೆ ಧೂಳು ಕುಂತು ಯಾರೂ ತಗಳವಲ್ರು."

"ಅದು ಸತ್ತ ಫೋನವಾ."

"ಇರ್ಲಿ ತಗಾ. ಆಫೀಸಿಗೆ ಹೋದ್ರ ಬದುಕಿದ್ದೋರೂ ಕೇಳಂಗಿಲ್ಲ. ಅಲ್ಲಿಗೆ ಹೋಗಾಕ ಬಸ್ ಚಾರ್ಜ್ ಬ್ಯಾರೆ ದಂಡ. ಇದು ಮನಿ ಬಾಜೂಕ ಐತಿ."

ಜಂಬಮ್ಮ ಹೇಳಿದಳು. ಎದೆ ಹಗುರಾಯಿತು ಎಂದಳು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಕಂಪ್ಲಿಯಿಂದ ರೈತರು ಬಂದರು, ಸಂಡೂರಿನಿಂದ ಹೆಂಗಸರು ಬಂದರು. ಬಂದವರು ಫೋನು ಎತ್ತಿ, ಬೋರಿನ ನೀರು ಕೆಂಪಾಗಿದೆ ಎಂದೋ, ಲಾರಿ ಗುದ್ದಿ ಹೋದ ಎತ್ತಿಗೆ ಪರಿಹಾರ ಬಂದಿಲ್ಲ ಎಂದೋ ಹೇಳಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ನಡುವೆ ಮಾತು ಕತ್ತರಿಸುವವರಿಲ್ಲ, ನಾಳೆ ಬಾ ಎನ್ನುವವರಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುವವರಿಲ್ಲ. ಇಷ್ಟು ತಾಳ್ಮೆಯ ಸೇವೆಯನ್ನು ಜನ ಹಿಂದೆಂದೂ ಕಂಡಿರಲಿಲ್ಲ.

ಮಂಡಳಿಯ ಗಮನಕ್ಕೆ ಇದು ಬಂದದ್ದು ನಮ್ಮ ಕಚೇರಿಯ ಬೆಂಚು ಖಾಲಿಯಾದ ಮೇಲೆ. ಅಧ್ಯಕ್ಷರು ಸಂತೋಷದಿಂದ ಪ್ರಕಟಣೆ ಹೊರಡಿಸಿದರು: ಧೂಳು, ನೀರು, ಲಾರಿ, ಕೆಮ್ಮು ಇತ್ಯಾದಿ ಸಮಸ್ತ ಅಹವಾಲುಗಳನ್ನು ಇನ್ನು ಮುಂದೆ ಹಂಪಿಯ ಶೆಡ್ಡಿನಲ್ಲಿರುವ ಅಹವಾಲು ದೂರವಾಣಿಯಲ್ಲಿಯೇ ಸಲ್ಲಿಸತಕ್ಕದ್ದು. ಸಾರ್ವಜನಿಕರು ಟೋಕನ್ ಪಡೆದು ಸರದಿಯಲ್ಲಿ ನಿಲ್ಲತಕ್ಕದ್ದು. ಸರದಿ ತಪ್ಪಿಸಿದವರ ಅಹವಾಲು ಅಸಿಂಧುವಾಗತಕ್ಕದ್ದು.

ಟೋಕನ್ ಕೊಡುವ ಕೆಲಸವನ್ನು ಮರುಳಸಿದ್ದಮ್ಮನಿಗೇ ವಹಿಸಿ ಸಂಬಳ ಗೊತ್ತುಮಾಡಲಾಯಿತು. ಶೆಡ್ಡಿನ ಅರ್ಧ ಭಾಗ ಜನ ಕೂರುವ ಜಾಗವಾಯಿತು. ನಾರು ಸೀಳುವ ಹೆಂಗಸರು ಬಾಳೆನಾರಿನ ಹಗ್ಗ ಹೊಸೆದು ಸರದಿಯ ಎರಡೂ ಬದಿಗೆ ಕಟ್ಟಿದರು. ಹಗ್ಗ ಗಟ್ಟಿಯಾಗಿತ್ತು. ಮರುಳಸಿದ್ದಮ್ಮ ಮಾತ್ರ ಚೀಲಗಳ ಸಾಲನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ. ಅಹವಾಲು ಹೇಳುವವರಿಗೆ ಇಕ್ಕಟ್ಟಾಗುತ್ತದೆ, ತೆಗೆಯಿರಿ ಎಂದು ನಾನೇ ಎರಡು ಸಲ ಹೇಳಿದ್ದೆ. "ಇರ್ಲಿ ಬಿಡ್ರಿ ಸಾಹೇಬ್ರ, ಧೂಳು ಒರೆಸ್ತೀನಿ" ಎನ್ನುತ್ತಿದ್ದರು.

ಇದೆಲ್ಲ ಮನೋಹರನ ಕಿವಿಗೂ ಬಿತ್ತು. ಬಾಳೆನಾರಿನ ಆರ್ಡರು ಬೇರೆ ಕಡೆಗೆ ಹೋಗುವುದರಲ್ಲಿತ್ತು. ಅವನ ಕಂಪ್ಯೂಟರಿಗೆ ಉರ್ಸುಲಮ್ಮನ ಪತ್ರ ಬಂದಿತ್ತು: ಮಂಡಳಿಯವರು ಕೊಟ್ಟ ನಂಬರು ಲೋಕದಲ್ಲೇ ಇಲ್ಲವಂತೆ, ಈ ಸೋಮವಾರ ಕೊನೆಯ ಸಲ ಪ್ರಯತ್ನಿಸುತ್ತೇನೆ, ಸಿಗದಿದ್ದರೆ ಬೇರೆ ದೇಶದವರಿಗೆ ಕೊಡುತ್ತೇನೆ. ತಾನು ಬರೆದ ಸುಳ್ಳು ಕೊಟೇಷನ್ನಿನಿಂದಲೇ ಇಷ್ಟೆಲ್ಲ ಆಯಿತೆಂಬ ಸಂಕಟ ಅವನಿಗೆ. ಭಾನುವಾರ ಅಹವಾಲಿಗೆ ರಜೆ. ಅಂದು ಯಾರಿಗೂ ಹೇಳದೆ ಹೋಗಿ, ಮೇಜಿನ ಕೆಳಗಿನ ಸುರುಳಿ ಬಿಚ್ಚಿ, ತನ್ನದೇ ಲೈನು ಎಳೆದು ಫೋನಿಗೆ ನಿಜವಾಗಿ ಜೀವ ಕೊಟ್ಟ. ಸರದಿಯ ದಿನ ರಿಸೀವರು ಕೆಳಗಿಳಿಯುವುದೇ ಇಲ್ಲವೆಂದು ಗೊತ್ತಿದ್ದರಿಂದ, ಅದು ಗುಂಯ್ ಎನ್ನದಂತೆ, ಎತ್ತಿ ಹಿಡಿದಿದ್ದರೂ ಹೊರಗಿನ ಕರೆ ತಾನಾಗಿ ಸೇರುವಂತೆ ಮಾಡಿದ. ಹೊಸ ನಂಬರನ್ನು ಜರ್ಮನಿಗೆ ತಿಳಿಸಿದ. ಮರುಳಸಿದ್ದಮ್ಮನಿಗೂ ಹೇಳಲಿಲ್ಲ, ಗೊತ್ತಿದ್ದೂ ಮಾತಾಡಿದರು ಎಂದಾದರೆ ಅವರ ಶೆಡ್ಡು ಹೋಗುತ್ತದೆಂದು.

ಸೋಮವಾರ ಮಧ್ಯಾಹ್ನ ನಾನೂ ಅಧ್ಯಕ್ಷರೂ ಸೇವೆಯ ಪರಿಶೀಲನೆಗೆ ಶೆಡ್ಡಿಗೆ ಹೋಗಿದ್ದೆವು. ಯಶವಂತನಗರದಿಂದ ಗಣಿ ಕಂಪನಿಯ ಬಸ್ಸು ತುಂಬ ಜನ ಬಂದಿದ್ದರು. ಸರದಿ ಬಾಳೆತೋಟದವರೆಗೂ ಹೋಗಿತ್ತು, ಅದರ ಬಾಲದಲ್ಲಿ ನಿಂತು ಮರುಳಸಿದ್ದಮ್ಮ ಟೋಕನ್ ಹಂಚುತ್ತಿದ್ದರು. ಫೋನಿನ ಹತ್ತಿರ ಗಣಿಯಲ್ಲಿ ಕೆಲಸ ಮಾಡುವ ಯಲ್ಲೇಶ ಎಂಬಾತ ಇದ್ದ. ಪಾಪ, ತನ್ನ ಕೆಮ್ಮಿನ ಬಗ್ಗೆ ಹೇಳಿಕೊಳ್ಳುತ್ತಿದ್ದ. ರಾತ್ರಿ ಮಲಗಲಾಗುವುದಿಲ್ಲ, ಕೂತೇ ನಿದ್ದೆ ಮಾಡುತ್ತೇನೆ, ಹೆಂಡತಿಗೆ ಹೇಳಿಲ್ಲ ಎಂದು ಫೋನಿಗೆ ಹೇಳುತ್ತಿದ್ದಾಗ, ಫೋನು ಮಾತಾಡಿತು.

"ಹಲೋ! ಹಲೋ! ಮರುಳಾ? ಊಟ ಆತಾ?"

ಯಲ್ಲೇಶ ಕಿಟಾರನೆ ಕಿರುಚಿ ರಿಸೀವರನ್ನು ಮೇಜಿನ ಮೇಲೆ ಎಸೆದ. "ಅಯ್ಯಯ್ಯೋ! ಒಳಗ ಯಾರೋ ಅದಾರ! ನಾ ಹೇಳಿದ್ದೆಲ್ಲಾ ಕೇಳ್ಸಿಕೊಂಡಾರ!"

ಜನರಲ್ಲಿ ಕೋಲಾಹಲ ಎದ್ದಿತು. ಇಷ್ಟು ದಿನ ಹೇಳಿಕೊಂಡದ್ದನ್ನೆಲ್ಲ ಯಾರೋ ಕೇಳುತ್ತಿದ್ದರೇ? ಒಬ್ಬ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡಳು. ಕೇಳುವವರಿದ್ದಾರೆ ಎಂದು ಗೊತ್ತಿದ್ದರೆ ನಾನು ಕೂಲಿ ಕೊಡುವ ಮುಕಾದಮನ ಹೆಸರು ಹೇಳುತ್ತಿದ್ದೆನೇ ಎಂದು ಒಬ್ಬ ಎದೆ ಬಡಿದುಕೊಂಡ. ಮೇಜಿನ ಮೇಲೆ ಬಿದ್ದಿದ್ದ ರಿಸೀವರಿನಿಂದ "ಮರುಳಾ, ಹಸಿರು ಬ್ಯಾಗ್ ಬೇಕು, ಭಾಳ ಬೇಕು" ಎಂದು ಸಣ್ಣಗೆ ಕೇಳಿಸುತ್ತಲೇ ಇತ್ತು.

ಆ ದನಿ ಸರದಿಯ ಬಾಲದವರೆಗೆ ಹೇಗೆ ಮುಟ್ಟಿತೋ ನನಗೆ ತಿಳಿಯದು. ಮರುಳಸಿದ್ದಮ್ಮ ಟೋಕನ್ನುಗಳನ್ನು ಚೆಲ್ಲಿ ಓಡಿ ಬಂದರು. "ಉರ್ಸುಲಮ್ಮ! ಆಕಿ ಉರ್ಸುಲಮ್ಮರೀ! ಬಿಡ್ರೋ, ದಾರಿ ಬಿಡ್ರೋ!"

"ಸರದಿ ಅಮ್ಮಾ, ಸರದಿ" ಎಂದಿತು ಜನ. ಒರಟಾಗಿ ಅಲ್ಲ, ಸಮಾಧಾನವಾಗಿಯೇ. "ನೀವ ಟೋಕನ್ ಹಂಚಿ ನೀವ ರೂಲ್ ಮುರದ್ರ ಹ್ಯಾಂಗ್ರಿ? ಟೋಕನ್ ತಗೊಂಡು ಬರ್ರಿ." ಮರುಳಸಿದ್ದಮ್ಮ ಹಗ್ಗದ ಒಳಗೆ ನುಗ್ಗಲು ನೋಡಿದರು. ಅವರೇ ಹೊಸೆಸಿದ ಹಗ್ಗ, ಜಗ್ಗಲಿಲ್ಲ.

ಅಷ್ಟರಲ್ಲಿ ದೊಡ್ಡಬಸಪ್ಪನವರು ಅಲ್ಲೇ ತುರ್ತು ಸಭೆ ಸೇರಿಸಿದ್ದರು. ಮಂಡಳಿ ಇಷ್ಟು ಜಲ್ದಿ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. "ಫೋನಿನಾಗ ಮಂದಿ ಇರೂದು ಅಂದ್ರೇನ್ರಿ, ನಂಬಿಕಿ ದ್ರೋಹ!" ಎಂದು ಅವರು ಗುಡುಗಿದರು. ಗಂಭೀರ ತಾಂತ್ರಿಕ ದೋಷ ಎಂದು ನಾನು ಬರೆದುಕೊಂಡೆ. ಡ್ರೈವರನಿಂದ ಕಟಿಂಗ್ ಪ್ಲೇಯರ್ ತರಿಸಿ ಮೇಜಿನ ಕೆಳಗಿನ ವೈರನ್ನು ಕತ್ತರಿಸಲಾಯಿತು. ರಿಸೀವರು ಸುಮ್ಮನಾಯಿತು. ಜನ ನಿಟ್ಟುಸಿರು ಬಿಟ್ಟರು. ಯಲ್ಲೇಶ ಅಂಜುತ್ತಾ ಅದನ್ನು ಮತ್ತೆ ಕಿವಿಗಿಟ್ಟು, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಕೆಮ್ಮಿನ ವಿಷಯ ಮೊದಲಿನಿಂದ ಶುರುಮಾಡಿದ.

ಮನೋಹರ ಓಡಿ ಬಂದಾಗ ಎಲ್ಲ ಮುಗಿದಿತ್ತು. ಅವನು ಮರುಳಸಿದ್ದಮ್ಮನ ಮುಂದೆ ನಿಂತು ಏನೋ ಹೇಳಲು ಹೋಗಿ ಅತ್ತುಬಿಟ್ಟ. ಅವರು ಅವನ ತಲೆ ಸವರಿದರು. ಆಮೇಲೆ ಮಣ್ಣಿನಲ್ಲಿ ಚೆಲ್ಲಿದ್ದ ಟೋಕನ್ನುಗಳನ್ನು ಒಂದೊಂದಾಗಿ ಆರಿಸಿ, ಎಲ್ಲರಿಗೂ ಹಂಚಿ, ಕೊನೆಯದನ್ನು ತಾವು ಇಟ್ಟುಕೊಂಡು ಸರದಿಯ ಕೊನೆಯಲ್ಲಿ ನಿಂತರು.

ಅವರ ಸರದಿ ಬರುವಾಗ ಬಿಸಿಲು ಇಳಿದಿತ್ತು. ರಿಸೀವರು ಎತ್ತಿದರು. ಈ ಸಲ ಬೈಯಲಿಲ್ಲ.

"ಹಲೋ, ಉರ್ಸುಲಮ್ಮ, ಊಟ ಆತವಾ, ನಿಂದು? ಹಸಿರು ಐತಿ, ಭಾಳ ಐತಿ. ಹಿಡಿ ಉದ್ದ ಮಾಡಿಸೀನಿ, ನೀ ಹೇಳಿದಂಗ. ನೀಲಿ ಕಳ್ಸಂಗಿಲ್ಲ ಈ ಸಲ. ಆತು, ಆತು. ಬರೂ ಚಳಿಗಾಲಕ್ಕ ಬಾ, ರೊಟ್ಟಿ ಮಾಡ್ತೀನಿ."

ಬಸ್ಸು ಹತ್ತಲು ನಿಂತಿದ್ದ ಜನರೆಲ್ಲ ಅವರ ಮಾತು ಮುಗಿಯುವವರೆಗೆ ಸದ್ದಿಲ್ಲದೆ ಕಾದರು. ದೊಡ್ಡಬಸಪ್ಪನವರು ನನ್ನ ಕಡೆ ತಿರುಗಿ, "ನೋಡ್ರಿ, ಈಗ ಸರಿ ಹೋತಲ್ಲ" ಎಂದರು. ಸರಿ ಹೋಗಿದೆ ಎಂದು ನಾನು ಬರೆದುಕೊಂಡೆ.